ಇಪ್ಪತ್ನಾಲ್ಕು ಬಂಡಲ್

ಸೋಮವಾರ ಬೆಳಗ್ಗೆ ಎಂಟೂವರೆಗೆ ಎಂಜಿನಿಯರ್ ಸುನೀಲ ಕಸ್ತೂರೆಮ್ಮ ವಾಚನಾಲಯದ ಉಗ್ರಾಣದ ಬೀಗ ತೆಗೆಸಿದ. ಒಳಗೆ ಇಪ್ಪತ್ನಾಲ್ಕು ಬಂಡಲ್ ಶಿಂಗಲ್ಸ್ ಇರಬೇಕಿತ್ತು. ಒಂದೂ ಇರಲಿಲ್ಲ.

ಬೀಗ ಒಡೆದಿರಲಿಲ್ಲ. ಕಿಟಕಿಯ ಸರಳು ಬಾಗಿರಲಿಲ್ಲ. ನೆಲದ ಮೇಲೆ ಕತ್ತರಿಸಿ ಬಿಟ್ಟ ಎರಡು ಹಸಿರು ಚೂರು, ಒಂದು ಹಿಡಿ ಮೊಳೆ — ಅಷ್ಟೇ.

ಶಿಂಗಲ್ಸ್ ಅಂದರೆ ಡಾಂಬರು ಹಾಕಿ, ಮೇಲೆ ಬಣ್ಣದ ಕಲ್ಲುಪುಡಿ ಅಂಟಿಸಿದ ದಪ್ಪ ಹಾಳೆ. ಇಳಿಜಾರು ಸೂರಿನ ಮೇಲೆ ಒಂದರ ಮೇಲೊಂದು ಅರ್ಧ ಮುಚ್ಚುವಂತೆ, ಸಾಲು ಸಾಲಾಗಿ ಮೊಳೆ ಹೊಡೆದು ಕೂರಿಸುತ್ತಾರೆ. ಸಿಂಧನೂರಿನಲ್ಲಿ ಅದನ್ನು ಕಂಡವರೇ ಕಡಿಮೆ. ಅಕ್ಕಿ ಗಿರಣಿಯ ಸಾಹುಕಾರ ಸಂಗನಬಸವ ಮಡಿಕೇರಿಗೆ ಹೋಗಿ ಬಂದ ಮೇಲೆ ಈ ಹುಚ್ಚು ಹತ್ತಿಸಿಕೊಂಡಿದ್ದ. ತಾಯಿ ಕಸ್ತೂರೆಮ್ಮನ ಹೆಸರಿನಲ್ಲಿ ಕಟ್ಟಿಸುತ್ತಿದ್ದ ವಾಚನಾಲಯಕ್ಕೆ ಅದೇ ಥರದ ಸೂರು ಬೇಕೆಂದು ಹಟ ಹಿಡಿದ. ವರ್ಷಕ್ಕೆ ಬೆರಳೆಣಿಕೆಯ ದಿನ ಮಳೆ ಕಾಣುವ ಊರಿಗೆ ಇದೆಂಥ ಕೊಡೆ ಎಂದು ಗಿರಣಿಯ ಹಮಾಲರೇ ನಗುತ್ತಿದ್ದರು.

ದೊಡ್ಡ ಹಾಲ್‌ನ ಸೂರು ಮುಗಿದಿತ್ತು. ಮುಂದಿನ ಪಡಸಾಲೆಯದು ಬಾಕಿ. ಬರುವ ಶುಕ್ರವಾರ ಮಠದ ಸ್ವಾಮಿಗಳಿಂದ ಉದ್ಘಾಟನೆ. ಪಡಸಾಲೆಗೆಂದು ಎತ್ತಿಟ್ಟ ಮಾಲೇ ಮಾಯ!

ಬಂಡಲ್ ಒಂದಕ್ಕೆ ಇಪ್ಪತ್ತೇಳು ಕಿಲೊ ತೂಕ. ಇಪ್ಪತ್ನಾಲ್ಕು ಅಂದರೆ ಆರೂವರೆ ಕ್ವಿಂಟಲ್. ಲುಂಗಿಯ ಮಡಿಲಲ್ಲಿ ಕಟ್ಟಿಕೊಂಡು ಹೋಗುವ ಮಾಲಲ್ಲ. ಆದರೂ ಎಲ್ಲರ ಕಣ್ಣು ಹೋದದ್ದು ಲುಂಗಿಯ ಮನುಷ್ಯನ ಕಡೆಗೇ — ಕಾವಲುಗಾರ ರಹಿಮಾನ್. ರಾತ್ರಿ ಚಾವಿ ಅವನ ಹತ್ತಿರ ಇರುತ್ತಿತ್ತಲ್ಲ, ಇನ್ನೇನು ಬೇಕು? ಸಂಜೆ ಐದರೊಳಗೆ ಮಾಲು ಎಲ್ಲಿದೆ ಹೇಳಬೇಕು, ಇಲ್ಲದಿದ್ದರೆ ಪೊಲೀಸ್ ಠಾಣೆ ಎಂದು ಸಂಗನಬಸವ ಗಡುವು ಕೊಟ್ಟ. ಒಂಬತ್ತು ಗಂಟೆಗೆಲ್ಲ ದೂರಿನ ಅರ್ಜಿ ಟೈಪ್ ಆಗಿ ಮೇಜಿನ ಮೇಲೆ ಕೂತಿತ್ತು.

ರಹಿಮಾನ್ ಒಂದೇ ಒಂದು ಫೋನ್ ಮಾಡಿದ. ಅದು ಹಟ್ಟಿಗೆ, ಪಕೀರಪ್ಪನಿಗೆ.

ಪಕೀರಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ನಾಲ್ಕು ವರ್ಷ ಸರ್ವೆ ವಿಭಾಗದ ಟೇಪು ಹಿಡಿದವನು. ಎಂಜಿನಿಯರ್ ಅಲ್ಲ, ಎಂಜಿನಿಯರರ ಅಳತೆ ತಪ್ಪಿದಾಗ ಪಕ್ಕದಲ್ಲಿ ನಿಂತು ಮೆಲ್ಲಗೆ ಕೆಮ್ಮುವವನು. ನೆಲದೊಳಗೆ ಕೇಬಲ್ ಕಾಣೆಯಾದರೂ ಮರದ ದಿಮ್ಮಿ ಕಾಣೆಯಾದರೂ ಅಧಿಕಾರಿಗಳು ಅವನನ್ನೇ ಕರೆಸುತ್ತಿದ್ದರು. ನಿವೃತ್ತನಾಗಿ ಮೂರು ವರ್ಷವಾದರೂ ಕಂಡದ್ದನ್ನೆಲ್ಲ ಎಣಿಸುವ ಚಟ ಬಿಟ್ಟಿರಲಿಲ್ಲ. ರಹಿಮಾನ್ ಅದೇ ಗಣಿಯಲ್ಲಿ, ಅದೇ ಪಾಳಿಯಲ್ಲಿ, ಅದಿರಿನ ಗಾಡಿ ತಳ್ಳಿದವನು. ಈ ಕಾವಲು ಕೆಲಸಕ್ಕೆ ಅವನನ್ನು ಸೇರಿಸಿದ್ದೂ ಪಕೀರಪ್ಪನೇ. ವಾಚನಾಲಯದ ಎಂಜಿನಿಯರ್ ಸುನೀಲ ಪಕೀರಪ್ಪನ ತಂಗಿ ಪಾರ್ವತೆಮ್ಮನ ಮಗ. ಗಂಡ ಸತ್ತ ಮೇಲೆ ಪಾರ್ವತೆಮ್ಮ ಅಣ್ಣನ ಕಂಪನಿ ಕ್ವಾರ್ಟರ್ಸಿಗೇ ಬಂದಿದ್ದಳು. ಸುನೀಲ ಬೆಳೆದದ್ದು, ಓದಿದ್ದು ಅಲ್ಲೇ. ಆ ಮನೆತನಕ್ಕೆಲ್ಲ ಮೊದಲ ಎಂಜಿನಿಯರ್. ಪಕೀರಪ್ಪ ಒಂದು ಮಾತು ಹೇಳಿದ್ದಕ್ಕೆ ರಹಿಮಾನ್‌ಗೆ ಕೆಲಸವಾಗಿತ್ತು.

ಈಗ ಆ ಮಾತೇ ಕಳ್ಳನಾಗಿ ನಿಂತಿತ್ತು. ಪಕೀರಪ್ಪ ಲಿಂಗಸುಗೂರಿನಲ್ಲಿ ಬಸ್ ಬದಲಿಸಿ, ಮಸ್ಕಿ ದಾಟಿ, ಹನ್ನೊಂದೂವರೆಗೆ ಸಿಂಧನೂರಿನಲ್ಲಿ ಇಳಿದ.

ಕಾಲುವೆಯ ಪಕ್ಕದ ಆ ಹೊಸ ಕಟ್ಟಡದ ಹತ್ತಿರ ಆಟೊ ನಿಂತಾಗ ಮೊದಲು ಮೂಗಿಗೆ ಬಡಿದದ್ದು ಸುಟ್ಟ ಪ್ಲಾಸ್ಟಿಕ್ಕಿನ ನಾತ. ಹಿಂದುಗಡೆ ಹೋಗಿ ನೋಡಿದರೆ ಕರಗಿ, ಹೆಪ್ಪುಗಟ್ಟಿದ ಕಪ್ಪು ರಾಡಿ. ಪಕೀರಪ್ಪ ಮೂಗು ಮುಚ್ಚಿಕೊಂಡ. ಪುಸ್ತಕ ಓದುವ ಜಾಗಕ್ಕೆ ಎಂಥ ವಾಸನೆ ಕೊಟ್ಟಿದ್ದಾರೆ ಎಂದುಕೊಂಡ.

ರಹಿಮಾನ್ ಮೆಟ್ಟಿಲ ಮೇಲೆ ಕೂತಿದ್ದ. ಅವನ ಕೊರಳಿನ ಸೀಟಿ ಕಿತ್ತುಕೊಂಡಿದ್ದರು, ಬ್ಯಾಟರಿ ಕಸಿದುಕೊಂಡಿದ್ದರು. ಗೇಟಿನ ಆಚೆ ಹತ್ತಾರು ಜನ ನಿಂತು, ಸಿನಿಮಾ ನೋಡುವವರ ಹಾಗೆ ನೋಡುತ್ತಿದ್ದರು. ಬೆಳಗ್ಗೆ ಇದೇ ಜನ ಅವನ ಹತ್ತಿರ ಬೀಡಿಗೆ ಬೆಂಕಿ ಕೇಳಿದವರು. ಥೂ.

“ಚಾವಿ ಯಾರ ಕೈಯಾಗ ಇರ್ತಿತ್ತು?” ಎಂದ ಪಕೀರಪ್ಪ.

“ರಾತ್ರಿ ನನ್ನ ಕೈಯಾಗ, ಹಗಲು ಮೇಸ್ತ್ರಿ ಬಸ್ಸಪ್ಪನ ಕೈಯಾಗ.”

“ಒಳಗ ಮಾಲು ಕಡೀಕ ನೋಡಿದ್ದು?”

“ಶುಕ್ರವಾರ ಸಂಜಿಕ. ಒಂದೀಟು ಇದ್ದವು. ಶನಿವಾರ ಕೆಲಸ ನಡೀತು. ಆಮ್ಯಾಲ ನಾ ಬಾಗಲಾ ತಗದಿಲ್ಲ.”

“ಒಂದೀಟು ಅಂದ್ರ ಎಷ್ಟು?”

“ಎಣಿಸಿಲ್ಲ ಪಕೀರಣ್ಣ. ಎಣಿಸೋದು ನಿನ್ನ ಕೆಲಸ ಅಲ್ಲ, ಬಾಗಲಾ ಕಾಯೋದು ನಿನ್ನ ಕೆಲಸ ಅಂದಿದ್ದ ನಮ್ಮ ಸುನೀಲ.” ಮತ್ತೆ ಹೇಳಿದ: “ಬೆಳಗ್ಗಿಂದ ಅಂವ ನನ್ನ ಮಾರಿ ನೋಡಿಲ್ಲ. ನಾ ಕಳ್ಳ ಅಂತ ಖರೇನ ತಿಳ್ಕೊಂಡಾನೇನು?”

ಸುನೀಲನಿಗೆ ಸಂಕೋಚವಿರಬೇಕು, ಸಾಹುಕಾರನ ಮುಂದೆ ಪರಿಚಯ ತೋರಿಸಲಾರ ಎಂದು ಪಕೀರಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬಸ್ಸಪ್ಪನನ್ನು ಕರೆಸಿದ. ನಲವತ್ತೈದರ ಆಸುಪಾಸಿನ ಗಟ್ಟಿ ಆಳು. ಹೆಂಚು, ತಗಡು ಹೊದಿಸಿ ಬೆಳೆದವನು, ಶಿಂಗಲ್ಸ್ ಕೆಲಸವನ್ನು ಮೊನ್ನೆ ಮೊನ್ನೆ ಕಲಿತವನು. ಬಾಯಿ ತುಂಬ ಗುಟ್ಕಾ. ಪ್ರಶ್ನೆ ಕೇಳಿದಾಗಲೆಲ್ಲ ಹೊಸ ಗೋಡೆಯ ಮೂಲೆಗೆ ಪಿಚಕ್ಕೆಂದು ಉಗುಳಿ, ಆಮೇಲೆ ಮಾತು. ದೊಡ್ಡ ಸೂರಿಗೆ ಎಷ್ಟು ಬಂಡಲ್ ಹೋದವು ಎಂದರೆ ಎಂಜಿನಿಯರ್ ಹೇಳಿದಷ್ಟು ಅಂದ. ಎಂಜಿನಿಯರ್ ಹೇಳಿದ್ದೆಷ್ಟು ಎಂದರೆ ಅವರನ್ನೇ ಕೇಳಿರಿ ಅಂದ. ಇಡೀ ಹೊತ್ತು ಅವನ ಕಣ್ಣು ಪಕೀರಪ್ಪನ ಭುಜದಾಚೆ ಸುನೀಲನ ಮೇಲೇ ಇತ್ತು. ಈ ಮನುಷ್ಯ ಏನೋ ನುಂಗಿಕೊಂಡಿದ್ದಾನೆ, ಅದು ಬರೀ ಗುಟ್ಕಾ ಅಲ್ಲ ಎನ್ನಿಸಿತು ಪಕೀರಪ್ಪನಿಗೆ.

ಸುನೀಲ ಮಾತ್ರ ತೊಳೆದ ಲೋಟದಂತೆ ಚೊಕ್ಕ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಾವನ ಮುಂದೆ ಅಂದಾಜಿನ ಹಾಳೆ ಹರವಿದ. ಹಾಲ್ ಅರವತ್ತಡಿ ಉದ್ದ, ಮೂವತ್ತಡಿ ಅಗಲ — ಸಾವಿರದ ಎಂಟುನೂರು ಚದರಡಿ. ನೂರು ಚದರಡಿಗೆ ಒಂದು ಬ್ರಾಸ್, ಹದಿನೆಂಟು ಬ್ರಾಸ್. ಬ್ರಾಸಿಗೆ ಮೂರು ಬಂಡಲ್‌ನಂತೆ ಐವತ್ನಾಲ್ಕು. ಕತ್ತರಿಸಿ ಹಾಳಾಗುವುದಕ್ಕೆ ಹತ್ತಕ್ಕೊಂದು ಸೇರಿಸಿ ಅರವತ್ತು. ಪಡಸಾಲೆಗೆ ಹಾಗೆಯೇ ಲೆಕ್ಕ ಹಾಕಿ ಇಪ್ಪತ್ನಾಲ್ಕು. ಒಟ್ಟು ಎಂಬತ್ನಾಲ್ಕು ಬಂಡಲ್ ಲಾರಿಯಿಂದ ಇಳಿದಿದ್ದವು, ಅದಕ್ಕೆ ಸಾಹುಕಾರನೇ ಸಾಕ್ಷಿ.

“ಅರವತ್ತು ಮ್ಯಾಲ ಹೋದವು, ಇಪ್ಪತ್ನಾಲ್ಕು ಒಳಗ ಇರಬೇಕು. ಲೆಕ್ಕ ನೆಟ್ಟಗ ಐತಿ ಮಾಮಾ.”

ಪಕೀರಪ್ಪ ಹಾಳೆ ನೋಡಿ ತಲೆಯಾಡಿಸಿದ. ಎಷ್ಟು ಚೆಂದದ ಅಕ್ಷರ! ತಾನು ಕೈ ಹಿಡಿದು ಬರೆಯಿಸಿದ ಅಂಕಿಗಳು. ಆಮೇಲೆ ಎಷ್ಟೋ ದಿನ ಆ ತಲೆಯಾಡಿಸಿದ್ದನ್ನು ನೆನೆದು ಅವನು ತನ್ನ ಮೇಲೆಯೇ ಹೇಸಿಕೊಂಡ.

ಸುನೀಲ ಅವನನ್ನು ಪಕ್ಕಕ್ಕೆ ಕರೆದು ಇನ್ನೊಂದು ಸುದ್ದಿ ಕಿವಿಗೆ ಹಾಕಿದ. ಸಾಹುಕಾರನ ಹೆಂಡತಿಯ ತಮ್ಮ ಪಂಪಾಪತಿ ಮಸ್ಕಿಯ ಹತ್ತಿರ ತೋಟದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಅದಕ್ಕೂ ಶಿಂಗಲ್ಸ್ ಸೂರೇ. ಶನಿವಾರ ಸಂಜೆ ಅವನ ಟೆಂಪೊ ಇಲ್ಲಿಗೆ ಬಂದು ಸೆಂಟ್ರಿಂಗ್ ಹಲಗೆ ತುಂಬಿಕೊಂಡು ಹೋಗಿತ್ತು. ಹಲಗೆಯ ಕೆಳಗೆ ಏನಿತ್ತೋ ಯಾರಿಗೆ ಗೊತ್ತು? ರಹಿಮಾನ್ ಕಾಕಾ ಬಾಗಿಲು ತೆಗೆದು ಕೊಟ್ಟಿರಲಿಕ್ಕೂ ಸಾಕು.

“ನೀ ಸಾವ್ಕಾರ್ಗ ಯಾಕ ಹೇಳಿಲ್ಲ?”

“ಅವರ ಹೆಂಡ್ತಿ ತಮ್ಮ, ಮಾಮಾ. ಹ್ಯಾಂಗ ಹೇಳಲಿ?”

ಸರಿ. ಸುನೀಲನ ಬೈಕಿನ ಹಿಂದೆ ಕೂತು ಪಕೀರಪ್ಪ ಮಸ್ಕಿಯ ದಾರಿ ಹಿಡಿದ.

ಪಂಪಾಪತಿ ಹೊಸ ಮನೆಯ ಮುಂದೆ ಒಂದು ಕುರ್ಚಿಯಲ್ಲಿ ತಾನು, ಇನ್ನೊಂದರಲ್ಲಿ ತನ್ನ ಕಾಲು ಇಟ್ಟುಕೊಂಡು ಕೂತಿದ್ದ. ಬಂದವರಿಗೆ ಕುರ್ಚಿ ಖಾಲಿ ಮಾಡಲಿಲ್ಲ. ಪಕೀರಪ್ಪ ಯಾರ ಪೈಕಿ ಎಂದು ವಿಚಾರಿಸಿಕೊಂಡ ಮೇಲೆ ಚಹಾ ತರಿಸಿದ — ತನಗೆ ಸ್ಟೀಲ್ ಲೋಟ, ಇವರಿಬ್ಬರಿಗೆ ಕಾಗದದ ಲೋಟ. ಒಳಗಿನ ಕಪಾಟಿನಲ್ಲಿ ಸ್ಟೀಲ್ ಲೋಟಗಳ ಸಾಲೇ ಇತ್ತು. ಪಕೀರಪ್ಪ ಹನ್ನೊಂದು ಎಣಿಸಿದ. ಚಹಾ ಮುಟ್ಟಲಿಲ್ಲ. ಇವನೇ ಕಳ್ಳನಾಗಿರಲಿ ಎಂದು ಮನಸ್ಸು ಬಾಯಿಬಿಟ್ಟು ಬೇಡಿಕೊಂಡಿತು.

ಆಗಲಿಲ್ಲ. ಅವನ ಶಿಂಗಲ್ಸ್ ಇಟ್ಟಿಗೆ ಬಣ್ಣದ್ದು, ವಾಚನಾಲಯದ್ದು ಹಸಿರು. ಉಳಿದ ಬಂಡಲ್‌ಗಳು ಅವನ ಮನೆಯ ಪಡಸಾಲೆಯಲ್ಲೇ ಇದ್ದವು, ಹೊಸಪೇಟೆ ಅಂಗಡಿಯ ಚೀಟಿಯೂ ಇತ್ತು. ಹಲಗೆಗಳು ಅಂಗಳದಲ್ಲಿ ಬಿದ್ದಿದ್ದವು. ಕೇಳದಿದ್ದರೂ ಅವನೇ ಎಲ್ಲ ತೋರಿಸಿದ, ಜಂಬಕ್ಕೆ.

“ನಮ್ಮ ಭಾವ ಮಡಿಕೇರಿ ಗುಡ್ಡದ ಮ್ಯಾಲಿಂದು ಇಲ್ಲಿ ತಂದು ನಿಲ್ಲಿಸ್ಯಾನ. ನಂದು ನೋಡ್ರಿ, ಅಷ್ಟ ಅಗಲ, ಮೂವತ್ತಡಿ. ಆದ್ರ ಹ್ಯಾಂಗ ಆರಾಮಾಗಿ ಮಲಗೇತಿ.”

ಹೌದು, ಆ ಸೂರು ಅದರ ಯಜಮಾನನ ಹಾಗೆಯೇ ಆರಾಮಾಗಿ ಒರಗಿತ್ತು. ಪಕೀರಪ್ಪ ತಲೆಯೆತ್ತಿ ನೋಡಿದ. ಅವನ ಚಟ ತನ್ನಷ್ಟಕ್ಕೆ ತಾನು ಕೆಲಸ ಶುರುಮಾಡಿತು. ಕೆಳಗಿನ ಅಂಚಿನಿಂದ ಮೇಲ್ತುದಿಯ ಕೋಡಿನವರೆಗೆ ಸಾಲು ಎಣಿಸಿದ. ಮೂವತ್ನಾಲ್ಕು.

ತಿರುಗಿ ಹೊರಟರು. ಸಿಂಧನೂರು ಬಂತು, ಕಾಲುವೆಯ ಸೇತುವೆ ಬಂತು. ಎದುರಿಗೆ ವಾಚನಾಲಯದ ಹಸಿರು ಸೂರು, ಕೈ ಮುಗಿದ ಹಾಗೆ ಕಡಿದಾಗಿ ನಿಂತಿತ್ತು. ಬೈಕು ನಿಲ್ಲಿಸಲು ಹೇಳಿ ಪಕೀರಪ್ಪ ಇಳಿದ. ಬೆರಳು ಆಡಿಸುತ್ತ ಎಣಿಸಿದ. ಮತ್ತೊಮ್ಮೆ ಎಣಿಸಿದ. ಇನ್ನೊಂದು ಸಲವೂ ಎಣಿಸಿದ, ತಪ್ಪಿರಲಿ ಎಂಬ ಆಸೆಯಿಂದ.

ನಲವತ್ತೈದು.

ಆ ಸುಟ್ಟ ಪ್ಲಾಸ್ಟಿಕ್ಕಿನ ನಾತ ಸೇತುವೆಯ ಮೇಲೂ ಬಂದು ಮೂಗಿಗೆ ಅಡರಿದಂತಾಯಿತು.

“ಸುನೀಲಾ,” ಎಂದ. “ನಂಗ ಹೇಳೋದು ಏನಾರ ಐತೇನು ನಿಂದು?”

“ಏನು ಮಾಮಾ?”

“ಏನಾರ. ಈಗ ಹೇಳಿದ್ರ ಕೇಳತೀನಿ.”

ಸುನೀಲ ಬೈಕಿನ ಕನ್ನಡಿ ಸರಿಪಡಿಸಿದ. ಅದು ಸರಿಯಾಗಿಯೇ ಇತ್ತು.

“ಏನಿಲ್ಲ ಮಾಮಾ. ನಡೀರಿ, ಐದಕ್ಕ ಠಾಣೆಗೆ ಹೋಗಬೇಕು ಅಂದಾರ ಸಾವ್ಕಾರ್ರು.”

ನಾಲ್ಕೂವರೆಗೆ ಎಲ್ಲರೂ ವಾಚನಾಲಯದ ಅಂಗಳದಲ್ಲಿ ಸೇರಿದರು. ಸಂಗನಬಸವ ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದಿದ್ದ. ಅರ್ಜಿ ಅವನ ಕೈಯಲ್ಲಿತ್ತು. ಬಸ್ಸಪ್ಪ ಗೋಡೆಗೆ ಒರಗಿದ್ದ. ಗೇಟಿನಾಚೆಯ ಜನ ಎರಡು ಪಟ್ಟಾಗಿದ್ದರು. ರಹಿಮಾನ್ ಎದ್ದು ನಿಂತಿದ್ದ, ಠಾಣೆಗೆ ಹೋಗಲು ತಯಾರಾಗಿ, ಚಪ್ಪಲಿ ಮೆಟ್ಟಿಕೊಂಡು. ಪಕೀರಪ್ಪ ಅಷ್ಟರಲ್ಲಿ ಏಣಿ ಹತ್ತಿ, ಟೇಪು ಬಿಟ್ಟು, ಇಳಿದು ಬಂದಿದ್ದ.

“ಸಿಕ್ಕನೇನ್ರಿ ಕಳ್ಳ?” ಎಂದ ಸಂಗನಬಸವ.

ಪಕೀರಪ್ಪ ಅಂದಾಜಿನ ಹಾಳೆಯನ್ನು ಸುನೀಲನ ಕೈಗೆ ಕೊಟ್ಟು ಓದಿಸಿದ. ಅರವತ್ತಡಿ ಉದ್ದ, ಮೂವತ್ತಡಿ ಅಗಲ. ಅಷ್ಟಕ್ಕೇ ನಿಲ್ಲಿಸಿದ.

“ಮೂವತ್ತಡಿ ಅಗಲ. ನಡಕಿನ ಕೋಡಿನಿಂದ ಒಂದು ಕಡಿಗೆ ಹದಿನೈದಡಿ. ಹೌದಲ್ಲ? ಬಸ್ಸಪ್ಪ, ನೀ ಹಾಕಿದ ಒಂದೊಂದು ಸಾಲು ಎಷ್ಟು ಇಂಚು ಕಾಣತೈತಿ?”

“ಐದೂವರಿ ಮ್ಯಾಲ ಒಂದೀಟು,” ಎಂದ ಬಸ್ಸಪ್ಪ.

“ಹದಿನೈದಡಿಗೆ ಎಷ್ಟು ಸಾಲು ಆಗಬೇಕು?”

ಬಸ್ಸಪ್ಪ ತುಟಿ ಆಡಿಸಿ ಲೆಕ್ಕ ಹಾಕಿದ. “ಮೂವತ್ತೆರಡು.”

“ಸಾವ್ಕಾರ್ರ, ಈಗ ಮ್ಯಾಲ ನೋಡ್ರಿ. ನೀವ ಎಣಸ್ರಿ.”

ಸಂಗನಬಸವ ಕೈಯನ್ನು ಹಣೆಗೆ ಅಡ್ಡ ಹಿಡಿದು ಎಣಿಸತೊಡಗಿದ. ಗೇಟಿನಾಚೆಯ ಹಮಾಲರೂ ಜೊತೆಗೂಡಿದರು. ಚೀಲ ಎಣಿಸಿ ಪಳಗಿದ ಬಾಯಿಗಳು. ಮೂವತ್ತೆರಡು ದಾಟಿತು. ಯಾರೂ ನಿಲ್ಲಲಿಲ್ಲ. ನಲವತ್ತು ದಾಟಿತು. ನಲವತ್ತೈದಕ್ಕೆ ಕೋಡು ಮುಟ್ಟಿತು.

“ಹಾಳ್ಯಾಗ ಮೂವತ್ತೆರಡು, ಸೂರಿನ ಮ್ಯಾಲ ನಲವತ್ತೈದು,” ಎಂದ ಪಕೀರಪ್ಪ. “ಒಂದು ಕಡಿ ಹದಿಮೂರು ಹೆಚ್ಚು. ಎರಡೂ ಕಡಿ ಕೂಡಿ ಇಪ್ಪತ್ತಾರು ಸಾಲು. ಒಂದೊಂದು ಸಾಲು ಅರವತ್ತಡಿ ಉದ್ದ. ಇಷ್ಟಕ್ಕ ಬಂಡಲ್ ಎಷ್ಟು ಬೇಕು, ಬಸ್ಸಪ್ಪ?”

ಬಸ್ಸಪ್ಪ ಈ ಸಲ ಉಗುಳಲಿಲ್ಲ. ನುಂಗಿದ. “ಇಪ್ಪತ್ತೆರಡು. ಕತ್ತರಿಸಿ ಹೋದದ್ದು ಹಿಡಿದ್ರ... ಇಪ್ಪತ್ನಾಲ್ಕು.”

“ಮಾಲು ಎಲ್ಲೂ ಹೋಗಿಲ್ರಿ ಸಾವ್ಕಾರ್ರ. ಎಂಬತ್ನಾಲ್ಕೂ ನಿಮ್ಮ ತಲಿ ಮ್ಯಾಲ ಅದಾವ. ಕಳುವು ಆಗೇ ಇಲ್ಲ.”

ಬೆಳಗ್ಗಿನಿಂದ ಎಲ್ಲರೂ ಬೀಗ ನೋಡಿದರು, ಕಿಟಕಿ ನೋಡಿದರು, ರಹಿಮಾನನ ಮುಖ ನೋಡಿದರು. ಕತ್ತೆತ್ತಿ ಸೂರು ನೋಡಿದವನು ಒಬ್ಬನೂ ಇಲ್ಲ. ಪಕೀರಪ್ಪ ಉಳಿದದ್ದನ್ನು ಬಿಡಿಸಿ ಹೇಳಿದ. ಇದು ಭತ್ತದ ಸೀಮೆ. ನೀರು ನಿಲ್ಲಬೇಕೆಂದರೆ ಗದ್ದೆ ಸಮತಟ್ಟಾಗಿರಬೇಕು, ರಾತ್ರಿ ಮಲಗಬೇಕೆಂದರೆ ಮಾಳಿಗೆ ಸಮತಟ್ಟಾಗಿರಬೇಕು. ಉದ್ದಕ್ಕೆ ಅಗಲ ಗುಣಿಸಿದರೆ ಅಳತೆ ಮುಗಿಯಿತು. ಇಲ್ಲಿ ಯಾರ ಕೈಗೂ ಇಳಿಜಾರು ಅಳೆದ ಅಭ್ಯಾಸವಿಲ್ಲ. ಸುನೀಲ ನೆಲ ಅಳೆದ, ಸೂರು ಅಳೆಯಲಿಲ್ಲ. ನೆಲದಲ್ಲಿ ಹದಿನೈದಡಿ ಇದ್ದದ್ದು, ಅಷ್ಟು ಕಡಿದಾದ ಸೂರಿನ ಮೇಲೆ ಇಪ್ಪತ್ತೊಂದು ಅಡಿ ಮೂರಿಂಚು ಆಗಿ ಕೂತಿದೆ. ಪಂಪಾಪತಿಯ ಸೂರು ಇಷ್ಟೇ ಅಗಲವಿದ್ದರೂ ಒರಗಿ ಮಲಗಿದೆ, ಅದಕ್ಕೆ ಮೂವತ್ನಾಲ್ಕೇ ಸಾಲು ಸಾಕಾಯಿತು. ಗಣಿಯೊಳಗೆ ದಿನಾ ಇಳಿಜಾರಿನಲ್ಲೇ ಟೇಪು ಬಿಟ್ಟವನು ತಾನು. ಅಂಥವನೂ ಬೆಳಗ್ಗೆ ಆ ಹಾಳೆ ನೋಡಿ ತಲೆಯಾಡಿಸಿದ್ದೆ ಎಂದು ಒಪ್ಪಿಕೊಂಡ.

“ತಪ್ಪು ಯಾರೂ ಮಾಡತಾರ,” ಎಂದ. “ಅದಕ್ಕ ನಾ ಏನೂ ಅನ್ನೂದಿಲ್ಲ. ಬಸ್ಸಪ್ಪ, ಬಂಡಲ್ ಸಾಲೂದಿಲ್ಲ ಅಂತ ನಿನಗ ಯಾವಾಗ ಗೊತ್ತಾತು?”

ಬಸ್ಸಪ್ಪ ಸುನೀಲನ ಕಡೆ ನೋಡಿದ. ಸುನೀಲ ನೆಲ ನೋಡುತ್ತಿದ್ದ.

“ಗುರುವಾರ. ಎಂಜಿನಿಯರ್ಗ ಹೇಳಿದೆ. ಪಡಸಾಲಿ ಮಾಲು ತಗೊಂಡು ಹಾಲ್ ಮುಗಸು, ಉಳಿದದ್ದು ನಾ ನೋಡ್ಕೋತೀನಿ ಅಂದ್ರು.”

“ಹಿತ್ತಲದಾಗ ಸುಟ್ಟದ್ದೇನು?”

“ಬಂಡಲ್ ಮ್ಯಾಲಿನ ಪ್ಲಾಸ್ಟಿಕ್. ಭಾನುವಾರ ಸುಡು ಅಂದ್ರು.”

ಅಲ್ಲಿಗೆ ಮುಗಿಯಿತು. ಹೊದಿಕೆಗಳನ್ನು ಎಣಿಸಿದ್ದರೆ ಅರವತ್ತಲ್ಲ, ಎಂಬತ್ನಾಲ್ಕು ಸಿಗುತ್ತಿದ್ದವು. ಅಷ್ಟೂ ಬಂಡಲ್ ಬಿಚ್ಚಿ ಹೊದಿಸಿದ್ದು ಬೆಳಕಿಗೆ ಬರುತ್ತಿತ್ತು. ಅದಕ್ಕೇ ಸುಡಿಸಿದ. ಅಳತೆ ತಪ್ಪಿದ್ದು ಅರಿಯದೆ. ಸುಡಿಸಿದ್ದು ಅರಿತೇ. ಆಮೇಲೆ ಬೆಳಗ್ಗೆ ಎದ್ದು, ಇಸ್ತ್ರಿ ಅಂಗಿ ತೊಟ್ಟು, ಖಾಲಿ ಉಗ್ರಾಣ ತೆಗೆಸಿ, ರಹಿಮಾನನ ಕಡೆ ಬೆರಳು ತೋರಿಸಿದ್ದು — ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಅದು ಸಾಲದೆ ಪಂಪಾಪತಿಯ ಮೇಲೂ ಕೆಸರು ಎರಚಿ, ನಲವತ್ತು ನಿಮಿಷ ಬೈಕಿನ ಮೇಲೆ ಸ್ವಂತ ಮಾವನನ್ನೇ ಅಲೆಸಿದ್ದು.

“ಸುನೀಲಾ, ಇದು ನಿನ್ನ ಕೆಲಸ,” ಎಂದ ಪಕೀರಪ್ಪ, ಎಲ್ಲರಿಗೂ ಕೇಳುವಂತೆ.

ಸುನೀಲನ ಕಿವಿ ಕೆಂಪಾಗಿದ್ದವು. “ನಾ ಒಂದು ರೂಪಾಯಿ ತಿಂದಿಲ್ಲ ಮಾಮಾ.”

“ತಿಂದಿದ್ರ ಚಲೋ ಇತ್ತು. ಕಳ್ಳಗ ಹಸಿವು ಅಂತ ಒಂದು ನೆವ ಇರ್ತೈತಿ. ನಿನಗೇನಿತ್ತು?”

“ಇಳಿಜಾರು ಮರ್ತ ಎಂಜಿನಿಯರ್ ಅಂತ ಊರೆಲ್ಲ ನಗತಿತ್ತು. ನಮ್ಮ ಓಣಿಯಿಂದ ಮೊದಲನೇ ಎಂಜಿನಿಯರ್ ನಾನು. ನಮ್ಮವರು ತಪ್ಪು ಮಾಡಿದ್ರ ಬ್ಯಾರೆದವರಿಗೆ ಅಂದಂಗ ಅಂದು ಬಿಡೂದಿಲ್ಲ, ನಿಮಗೂ ಗೊತ್ತೈತಿ.”

ಪಕೀರಪ್ಪನಿಗೆ ಗೊತ್ತಿತ್ತು. ಕಾಗದದ ಲೋಟ ಇನ್ನೂ ಕಣ್ಣ ಮುಂದೆಯೇ ಇತ್ತು. ಹುಡುಗ ಹೇಳಿದ್ದು ನಿಜ, ಅದಕ್ಕೇ ಅಸಹ್ಯ ಇನ್ನೂ ಹೆಚ್ಚಾಯಿತು. ತುಳಿಸಿಕೊಳ್ಳುವ ನೋವು ಗೊತ್ತಿದ್ದವನು ಕಾಲಿಡಲು ಇನ್ನೊಬ್ಬನ ಎದೆ ಹುಡುಕಿದ್ದಾನೆ! ಇವನಿಗೆ ಅಳತೆ ಕಲಿಸಿದೆ, ಅಂಕಿ ಕಲಿಸಿದೆ. ಬೇಕಾದದ್ದು ಕಲಿಸಲಿಲ್ಲವಲ್ಲ ಎಂದು ಬಾಯಿ ಕಹಿಯಾಯಿತು.

“ನಗಿ ತಪ್ಪಿಸಾಕ ಈ ಮನಷ್ಯಾನ ಜೈಲಿಗೆ ಕಳಸ್ತಿದ್ದಿ. ಅವನ ಮಾರಿ ನೋಡಿ ಹೇಳು, ಹೌದೋ ಅಲ್ಲೋ?”

ಸುನೀಲ ನೋಡಲಿಲ್ಲ.

ಆಗ ಸಂಗನಬಸವ ನಕ್ಕ. ಸಮಾಧಾನದ ದೊಡ್ಡ ನಗು. ಕಳುವಾಗಿಲ್ಲ ಅಂದ ಮೇಲೆ ಮುಗಿಯಿತಲ್ಲ, ಇನ್ನೊಂದು ಇಪ್ಪತ್ನಾಲ್ಕು ತರಿಸಿದರಾಯಿತು, ಸ್ವಾಮಿಗಳು ಬರುವ ಹೊತ್ತಿಗೆ ಗದ್ದಲ ಬೇಡ ಎಂದ. ಅರ್ಜಿಯನ್ನು ಎರಡು ತುಂಡು ಮಾಡಲು ಹೊರಟ. ರಹಿಮಾನನ ಕಡೆ ತಿರುಗಿ, “ಹೋಗಪಾ, ಗೇಟ್ ನೋಡ್ಕೋ ಹೋಗು,” ಎಂದ. ಬೆಳಗ್ಗೆ ಎಂಟೂವರೆಯಿಂದ ಕಳ್ಳನೆನಿಸಿಕೊಂಡವನಿಗೆ ಅಷ್ಟೇ ಮಾತು. ಬಸ್ಸಪ್ಪ ಆಗಲೇ ಹೊಸ ಗುಟ್ಕಾ ಹರಿಯುತ್ತಿದ್ದ. ಗೇಟಿನಾಚೆಯ ಜನ ಆಟ ಮುಗಿಯಿತೆಂದು ಕದಲಿದರು. ಪಕ್ಕದಲ್ಲೇ ಕಾಲುವೆ ಹರಿಯುತ್ತಿತ್ತು. ಇವರೆಲ್ಲರನ್ನೂ ಅದರಲ್ಲಿ ಅದ್ದಿ ತೆಗೆದರೂ ಈ ಕೊಳೆ ಹೋಗಲಾರದು ಎನ್ನಿಸಿತು ಪಕೀರಪ್ಪನಿಗೆ.

“ಹರೀಬ್ಯಾಡ್ರಿ ಸಾವ್ಕಾರ್ರ,” ಎಂದ. “ಅದರ ಹಿಂದ ಇನ್ನೊಂದು ಬರಸೋದೈತಿ. ಕಳುವು ಆಗಿಲ್ಲ, ಅಳತಿ ತಪ್ಪಿದ್ದು ನಾನು, ಸುಳ್ಳು ಹೇಳಿದ್ದು ನಾನು ಅಂತ ಅಂವ ತನ್ನ ಕೈಲೆ ಬರೀಲಿ. ಗೇಟಿಗೆ ಅಂಟಸ್ರಿ. ಕಳ್ಳ ಅಂದದ್ದು ಗೇಟಿನಾಗ, ಅಲ್ಲ ಅನ್ನೋದೂ ಗೇಟಿನಾಗ ಆಗಲಿ. ಇನ್ನ ಪಡಸಾಲಿಗೂ ಇದ ಇಳಿಜಾರು ಐತಿ. ಅದಕ್ಕ ಇಪ್ಪತ್ನಾಲ್ಕಲ್ಲ, ಮೂವತ್ನಾಲ್ಕು ಬೇಕು.”

ಸಂಗನಬಸವನಿಗೆ ಅದು ಹಿಡಿಸಲಿಲ್ಲ. ಆದರೆ ನಲವತ್ತೈದು ಎಣಿಸಿದ ಹಮಾಲರು ಮತ್ತೆ ಗೇಟಿಗೆ ಬಂದು ನಿಂತಿದ್ದರು. ಅವರ ಎದುರಿಗೆ ಇಲ್ಲ ಎನ್ನಲಾರದೆ ಮೇಜಿನ ಮೇಲಿನ ಪೆನ್ನು ಸುನೀಲನ ಕಡೆ ತಳ್ಳಿದ. ಸುನೀಲ ಬರೆದ. ಆ ಚೆಂದದ ಅಕ್ಷರ ಮೊದಲ ಬಾರಿಗೆ ಗೆರೆ ಬಿಟ್ಟು ಇಳಿದಿತ್ತು.

ಹಾಳೆ ಅಂಟಿಸುವಾಗ ಪಕೀರಪ್ಪನ ಫೋನ್ ರಿಂಗಾಯಿತು. ಹಟ್ಟಿಯಿಂದ ತಂಗಿ ಪಾರ್ವತೆಮ್ಮ. ರಹಿಮಾನನ ಸುದ್ದಿ ಆ ಓಣಿಗೂ ಮುಟ್ಟಿತ್ತು. ಆ ಮನುಷ್ಯ ತನ್ನ ಮನೆಯಲ್ಲಿ ಎಷ್ಟು ಸಲ ಉಂಡಿದ್ದಾನೆ, ಅವನು ಹಾಗೆ ಮಾಡುವವನಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

“ಖರೇ ಕಳ್ಳ ಸಿಕ್ಕನೇನಣ್ಣ? ಸುನೀಲ ನಿನ್ನ ಕೂಡ ಅದಾನಲ್ಲ?”

ಸುನೀಲ ಅಷ್ಟು ದೂರದಿಂದಲೇ ಕೈ ಜೋಡಿಸಿದ. “ಮಾಮಾ, ಅವ್ವಗ ಮಾತ್ರ ಬ್ಯಾಡ.” ಪೊಲೀಸರಿಗೆ ಹೆದರಿರಲಿಲ್ಲ, ಸಾಹುಕಾರನಿಗೆ ಹೆದರಿರಲಿಲ್ಲ, ಈಗ ಹೆದರಿದ.

ಪಕೀರಪ್ಪ ಫೋನನ್ನು ಅವನ ಕೈಗೆ ಕೊಟ್ಟ. ರಹಿಮಾನನ ಪಕ್ಕಕ್ಕೆ ಹೋಗಿ ನಿಂತುಕೊಂಡ.

ಫೋನಿನಲ್ಲಿ ಪಾರ್ವತೆಮ್ಮ ಮತ್ತೆ ಮತ್ತೆ ಕೇಳುತ್ತಿದ್ದಳು, ಯಾರು, ಯಾರಂತ ಹೇಳು ಎಂದು. ಸುನೀಲ ತಲೆಯೆತ್ತಿದ. ಬೆಳಗ್ಗಿನಿಂದ ಮೊದಲ ಸಲ ರಹಿಮಾನನ ಮುಖ ನೋಡಿದ. ನೋಡುತ್ತಲೇ ಹೇಳಿದ:

“ನಾನ ಯವ್ವಾ.”